ಟ್ರ್ಯಾಕ್ಟರ್‌ನದು ಗಲಾಟೆ, ನಮ್ಮದು ಆಡಿಯೋ!

ಟ್ರ್ಯಾಕ್ಟರಿಗೆ ನಾಲ್ಕು ಬಾಕ್ಸ್ ಕಟ್ಟಿಕೊಂಡು, ಜಾನಪದ ಡಿಜೆ ಸಾಂಗ್ ಹಚ್ಚಿಕೊಂಡು ಹೋಗೋ ಹುಡುಗನ ವಿಡಿಯೋ ನಮ್ಮ ಗ್ರೂಪುಗಳಲ್ಲಿ ತಿಂಗಳಿಗೊಂದಾದರೂ ಬರುತ್ತೆ. ಕೆಳಗೆ ನಗುವ ಎಮೋಜಿಗಳ ಸಾಲು. 'ಸಿವಿಕ್ ಸೆನ್ಸ್ ಇಲ್ಲ', 'ಇವರಿಗೆಲ್ಲ ಫೈನ್ ಹಾಕಬೇಕು'. ಅದೇ ಗ್ರೂಪಿನಲ್ಲಿ ಅದೇ ವಾರ ಇನ್ನೊಬ್ಬರು ಕಾರಿನ ಡಿಕ್ಕಿಯಲ್ಲಿ ಹೊಸದಾಗಿ ಕೂರಿಸಿದ ಹನ್ನೆರಡು ಇಂಚಿನ ಸಬ್‌ವೂಫರ್ ಫೋಟೋ ಹಾಕ್ತಾರೆ. ಅದಕ್ಕೆ ಬೆಂಕಿ ಎಮೋಜಿ. 'ಸೂಪರ್ ಮಗಾ, ಎಷ್ಟಾಯ್ತು?'

ಅವನದು ಗಲಾಟೆ, ಇವರದು ಆಡಿಯೋ. ಇಬ್ಬರೂ ಮಾಡಿರೋದು ಒಂದೇ ಕೆಲಸ ಸ್ವಾಮಿ: ಕಂಪನಿ ಕೊಟ್ಟಿದ್ದು ಸಾಲದು ಅಂತ ಹೊರಗಡೆ ಆಂಪ್ಲಿಫೈಯರ್, ಸ್ಪೀಕರ್ ತಂದು ಹನ್ನೆರಡು ವೋಲ್ಟ್ ಬ್ಯಾಟರಿಗೆ ಜೋಡಿಸಿದ್ದು. ಇಬ್ಬರಲ್ಲಿ ಯಾರಿಗೆ ಹೆಚ್ಚು ಕಾರಣ ಇದೆ ಅಂತ ಕೇಳಿದರೆ, ನಾನು ಟ್ರ್ಯಾಕ್ಟರಿನವನ ಕಡೆ.

ನಮ್ಮೂರು ವಡ್ಡು. ಸಂಡೂರು ತಾಲ್ಲೂಕು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಮಗ್ಗುಲಲ್ಲೇ. ಇತ್ತ ಹೊಸಪೇಟೆ-ಬಳ್ಳಾರಿ ರಸ್ತೆಯಲ್ಲಿ ಅದಿರಿನ ಲಾರಿ, ಅತ್ತ ಕಂಪ್ಲಿ ಕಡೆ ಹೋದರೆ ತುಂಗಭದ್ರೆ ನೀರಿನ ಭತ್ತದ ಗದ್ದೆ. ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರ್ ಕೆಸರಿಗೆ ಇಳಿದರೆ ಬೆಳಗಿನಿಂದ ಸಂಜೆವರೆಗೂ ಮೇಲೆ ಬರಲ್ಲ. ಅದಕ್ಕೆ ಕ್ಯಾಬಿನ್ ಇಲ್ಲ, ಗಾಜಿಲ್ಲ. ಎಂಜಿನ್ ಕಾಲ ಮುಂದೆ, ಸೈಲೆನ್ಸರ್ ಮುಖದ ಮುಂದೆ. ಲೋಡ್ ಬಿದ್ದಾಗ ಡ್ರೈವರ್ ಕಿವಿ ಹತ್ತಿರ 90 ಡೆಸಿಬಲ್ ಆಸುಪಾಸು ಶಬ್ದ ಇರೋದು ಮಾಮೂಲು. 'ಅಣ್ಣಾ, ಎಂಜಿನ್ ಸೌಂಡಿಗೆ ಪಕ್ಕದಾಗೆ ನಿಂತೋನ ಮಾತೇ ಕೇಳ್ಸಲ್ಲ, ಇನ್ನ ಹಾಡು ಹೆಂಗೆ ಕೇಳ್ಸುತ್ತೆ? ಅದಕ್ಕೇ ಬಾಕ್ಸು' ಅಂತಾರೆ ನಮ್ಮ ಹುಡುಗರು. ಇದರಲ್ಲಿ ಶೋಕಿ ಇಲ್ಲ ಅಂತಲ್ಲ. ಆದರೆ ಲೆಕ್ಕ ಸರಿಯಾಗಿದೆ.

ಈಗ ನಮ್ಮ ಕಾರಿಗೆ ಬನ್ನಿ. ನಾಲ್ಕೂ ಗಾಜು ಏರಿಸಿ, ಎಸಿ ಹಾಕಿ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗ್ತಾ ಇದ್ದರೆ ಸಾಧಾರಣ ಹ್ಯಾಚ್‌ಬ್ಯಾಕಿನ ಒಳಗೆ 70 ಡೆಸಿಬಲ್ ಹತ್ತಿರ ಇರುತ್ತೆ. ಹಾಡು ಅದಕ್ಕಿಂತ ಸ್ವಲ್ಪ ಮೇಲಿದ್ದರೆ ಸಾಕು. ಸಾಮಾನ್ಯ ಸ್ಪೀಕರ್ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಆಚೀಚೆ ಕೂಗುತ್ತೆ. ಒಂದೇ ವ್ಯಾಟ್! ಹಾಗಾದರೆ ಸಾವಿರ ವ್ಯಾಟ್ ಯಾರಿಗೆ?

ಬಿಇ ಓದಿದವರು ನಾವು. ಡೆಸಿಬಲ್ ಅನ್ನೋದು ಲಾಗರಿದಂ ಅಂತ ಪರೀಕ್ಷೆಗೆ ಬರೆದಿದ್ದೀವಿ. ಪವರ್ ದುಪ್ಪಟ್ಟು ಮಾಡಿದರೆ ಏರೋದು ಮೂರೇ ಡೆಸಿಬಲ್. ಕಿವಿಗೆ 'ಎರಡರಷ್ಟು ಜೋರು' ಅನ್ನಿಸಬೇಕಾದರೆ ಹತ್ತು ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ಪವರ್. ಇಪ್ಪತ್ತು ವ್ಯಾಟಿನಿಂದ ಸಾವಿರ ವ್ಯಾಟಿಗೆ ಹಾರಿದರೆ ಐವತ್ತು ಪಟ್ಟು. ಕಿವಿಗೆ ಸಿಗೋದು ಮೂರು ಪಟ್ಟು ಚಿಲ್ಲರೆ. ಅದೂ ಆ ಸಾವಿರ ನಿಜವಾಗಿದ್ದರೆ.

ನಿಜವಾ ಅಂತ ನೋಡೋಕೆ ಅಂಗಡಿಯವರನ್ನ ಕೇಳಬೇಕಾಗಿಲ್ಲ, ಫ್ಯೂಸ್ ನೋಡಿ. ಡಬ್ಬದ ಮೇಲೆ 2000 ವ್ಯಾಟ್ ಅಂತ ಚಿನ್ನದ ಬಣ್ಣದಲ್ಲಿ ಬರೆದಿರುತ್ತೆ, ಹಿಂದೆ ತಿರುಗಿಸಿದರೆ 30 ಆಂಪಿಯರ್ ಫ್ಯೂಸ್. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ 14.4 ಅಂತ ಇಟ್ಟುಕೊಳ್ಳಿ. ಮೂವತ್ತರಿಂದ ಗುಣಿಸಿದರೆ 432 ವ್ಯಾಟ್. ಒಳಗೆ ಹೋಗೋದೇ ಅಷ್ಟು. ಎಬಿ ಕ್ಲಾಸ್ ಆಂಪ್ಲಿಫೈಯರ್ ಆದರೆ ಅದರಲ್ಲಿ ಸುಮಾರು ನಲವತ್ತು ಪರ್ಸೆಂಟ್ ಬಿಸಿಯಾಗಿ ಹೋಗುತ್ತೆ. ಉಳಿದಿದ್ದು 260. ಹಾಗೇ '50 ವ್ಯಾಟ್ × 4' ಅಂತ ಮುಖದ ಮೇಲೆ ಬರೆದುಕೊಂಡಿರೋ ಸ್ಟೀರಿಯೋ. 14.4 ವೋಲ್ಟಿನಲ್ಲಿ ನಾಲ್ಕು ಓಮ್ ಸ್ಪೀಕರಿಗೆ ಸ್ವಚ್ಛವಾಗಿ ಕೊಡಬಹುದಾದ್ದು ಗಣಿತದ ಪ್ರಕಾರವೇ 26 ದಾಟಲ್ಲ. ಆನ್‌ಲೈನ್‌ನಲ್ಲಿ ಅಕ್ಕಿ ತಗೊಂಡರೂ ರಿವ್ಯೂ ಓದೋ ಜನ ಇದನ್ನ ಮಾತ್ರ ಕಣ್ಣುಮುಚ್ಚಿ ನಂಬ್ತಾರೆ.

ಕಂಪನಿ ಸ್ಟೀರಿಯೋ ಚೆನ್ನಾಗಿದೆ ಅಂತ ನಾನು ವಾದ ಮಾಡ್ತಾ ಇಲ್ಲ. ಲಕ್ಷಗಟ್ಟಲೆ ಕೊಟ್ಟ ಕಾರಿನ ಬಾಗಿಲಲ್ಲಿ ತೆಳು ಕಾಗದದ ಕೋನ್, ನಾಣ್ಯದಷ್ಟು ಮ್ಯಾಗ್ನೆಟ್. ಚೆನ್ನಾಗಿರೋದು ಬೇಕಾದರೆ ಟಾಪ್ ವೇರಿಯೆಂಟ್ ತಗೊಳ್ಳಿ ಅಂತಾರೆ. ಅದರ ಜೊತೆ ಬೇಡದ ಸನ್‌ರೂಫಿಗೂ ದುಡ್ಡು ಕಟ್ಟಿ. ಹೀಗಿರುವಾಗ ಬದಲಾಯಿಸಬೇಕು ಅನ್ನಿಸೋದು ನ್ಯಾಯವೇ. ಆದರೆ ಬದಲಾವಣೆ ಶುರುವಾಗಬೇಕಾದ್ದು ಬಾಗಿಲಿನಿಂದ. ಕಾರಿನಲ್ಲಿ ಬಾಗಿಲೇ ಸ್ಪೀಕರಿನ ಡಬ್ಬ. ಒಳಗಿನ ತಗಡಿನಲ್ಲಿರೋ ತೂತುಗಳಿಂದ ಸ್ಪೀಕರಿನ ಬೆನ್ನ ಹಿಂದಿನ ಅಲೆ ಮುಂದೆ ಬಂದು, ಮುಂದಿನ ಅಲೆಯನ್ನೇ ತಿಂದುಹಾಕುತ್ತೆ. 'ಬೇಸ್ ಇಲ್ಲ' ಅಂತ ನಾವು ಗೊಣಗೋದಕ್ಕೆ ಮುಖ್ಯ ಕಾರಣ ಇದು. ತೂತು ಮುಚ್ಚಿ, ತಗಡಿಗೆ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ಇರೋ ಸ್ಪೀಕರೇ ಬೇರೆ ಥರ ಕೇಳುತ್ತೆ, ರಸ್ತೆ ಸದ್ದೂ ಇಳಿಯುತ್ತೆ. ಆಮೇಲೆ ಮುಂದಿನ ಬಾಗಿಲಿಗೆ ಒಳ್ಳೆ ಕಾಂಪೊನೆಂಟ್ ಸ್ಪೀಕರ್, ಬೇಕಿದ್ದರೆ ಒಂದು ಸಣ್ಣ ಆಂಪ್ಲಿಫೈಯರ್. ವೈರ್ ಕತ್ತರಿಸದೆ ಕಪ್ಲರ್ ಹಾಕಿಸಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ. ಇಲ್ಲಾಂದ್ರೆ ಹಾಡಿನ ಜೊತೆ ಹೊಗೆಯೂ ಬರುತ್ತೆ.

ಆದರೆ ಡ್ಯಾಂಪಿಂಗ್ ಶೀಟು ಫೋಟೋದಲ್ಲಿ ಕಾಣಲ್ಲ. ಬೆಂಕಿ ಎಮೋಜಿ ಬೀಳಲ್ಲ. ಅದಕ್ಕೇ ಬೆಂಗಳೂರಿನ ಜೆ.ಸಿ. ರೋಡಿಗೆ ಹೋದವರು ಮೊದಲು ಕೇಳೋದು ಡಿಕ್ಕಿ ತುಂಬೋ ಡಬ್ಬ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ಕಂಬಗಳು ನಾದ ಕೊಡುತ್ತವೆ ಅಂತ ವೀಕೆಂಡಿಗೆ ಬಂದು ನೋಡ್ಕೊಂಡು ಹೋಗ್ತೀವಲ್ಲ, ಆ ಕಂಬಕ್ಕೆ ಎಷ್ಟು ವ್ಯಾಟ್? ಕಲ್ಲು ಯಾವುದು, ಎಷ್ಟು ದಪ್ಪ ಕಡೆಯಬೇಕು ಅಂತ ಗೊತ್ತಿದ್ದವರು ಮಾಡಿದ ಕೆಲಸ ಅದು. ಬಡಿದೂ ಬಡಿದೂ ಕಂಬ ಹಾಳಾಗುತ್ತೆ ಅಂತ ಈಗ ಮುಟ್ಟೋಕೇ ಬಿಡಲ್ಲ. ಜೋರಾಗಿ ಬಡಿದವರು ನಮ್ಮಂಥ ಪ್ರವಾಸಿಗರೇ.

'ಅದೆಲ್ಲಾ ಸರಿ, ಟ್ರ್ಯಾಕ್ಟರ್ ಊರಿಗೆಲ್ಲ ಕೇಳುತ್ತೆ, ನನ್ನ ಕಾರು ನನಗೆ ಮಾತ್ರ' ಅನ್ನೋದು ಎಲ್ಲರೂ ಹೇಳೋ ಮಾತು. ಅರ್ಧ ನಿಜ. ರಾತ್ರಿ ಹನ್ನೊಂದಕ್ಕೆ, ಎಸ್ಸೆಸ್ಸೆಲ್ಸಿ ಮಕ್ಕಳು ಓದೋ ಹೊತ್ತಿನಲ್ಲಿ ಊರೊಳಗೆ ಬಾಕ್ಸ್ ಹಾಕ್ಕೊಂಡು ಹೋಗೋದು ತಪ್ಪು. ಹಾಡಿನ ಅಬ್ಬರದಲ್ಲಿ ಹಿಂದಿನ ಗಾಡಿ ಹಾರ್ನ್ ಕೇಳದೆ ಇರೋದು ಅಪಾಯ. ಆದರೆ ಉಳಿದರ್ಧ? ಗಾಜು ತಡೆಯೋದು ಸಣ್ಣ ದನಿಯನ್ನ, ಬೇಸ್‌ನ ಅಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನಿಮ್ಮ ಕಾರು ಇಳಿದಾಗ ಮೊದಲ ಮಹಡಿಯ ಕಿಟಕಿ ನಡುಗುತ್ತೆ. ಹೈವೇಯಲ್ಲಿ ಆಂಬುಲೆನ್ಸ್ ಸೈರನ್ ನಿಮಗೂ ಕೇಳಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಅಂತಿದೆ. ಟ್ರ್ಯಾಕ್ಟರಿಗೊಂದು, ಎಸ್‌ಯುವಿಗೊಂದು ಅಂತಿಲ್ಲ. ಇನ್ನು ಊರಲ್ಲಿ ಆ ಹುಡುಗನಿಗೆ ಹೇಳೋರು ಇದ್ದಾರೆ. 'ಲೇ ತಮ್ಮಾ, ಹುಡುಗ್ರು ಓದ್ಕೊಳ್ತಾವೆ, ಸೌಂಡ್ ಕಮ್ಮಿ ಮಾಡೋ' ಅಂತ ಕಟ್ಟೆ ಮೇಲಿನ ಅಜ್ಜ ಗದರಿದರೆ ಅವನು ಕಮ್ಮಿ ಮಾಡ್ತಾನೆ. ನಿಮಗೆ ಹೇಳೋರು ಯಾರು? ಸೆಕ್ಯೂರಿಟಿ ಅಣ್ಣನಿಗೆ ಅಷ್ಟು ಧೈರ್ಯ ಇದೆಯಾ?

ನಗೋ ಎಮೋಜಿ ಹಾಕುವವರು ನೋಡದೇ ಇರೋದು ಇನ್ನೊಂದಿದೆ. 85 ಡೆಸಿಬಲ್‌ನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು, ಮೂರು ಡೆಸಿಬಲ್ ಏರಿದ ಹಾಗೆಲ್ಲ ಹೊತ್ತು ಅರ್ಧ ಆಗಬೇಕು ಅನ್ನೋದು ಕಿವಿಯ ಸುರಕ್ಷತೆಗೆ ಜಗತ್ತಿನ ಹಲವೆಡೆ ಬಳಸುವ ಲೆಕ್ಕ. 91ಕ್ಕೆ ಎರಡು ಗಂಟೆ, 94ಕ್ಕೆ ಒಂದೇ ಗಂಟೆ. ನಮ್ಮ ಹುಡುಗ 90ರ ಎಂಜಿನ್ ಮೇಲೆ ಇನ್ನೂ ಜೋರಾದ ಹಾಡು ಏರಿಸಿಕೊಂಡು ದಿನವಿಡೀ ಗದ್ದೆಯಲ್ಲಿರ್ತಾನೆ. ಕಿವಿಯೊಳಗಿನ ಸೂಕ್ಷ್ಮ ರೋಮಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಕಾರ್ಖಾನೆ ಗೇಟಿನೊಳಗೆ ಹೋಗುವವನಿಗೆ ಶಬ್ದದ ಮಿತಿ, ಇಯರ್‌ಪ್ಲಗ್ ಅಂತ ನಿಯಮವಾದರೂ ಇದೆ. ಗದ್ದೆಗೆ ಗೇಟೇ ಇಲ್ಲ. ನಲವತ್ತಕ್ಕೆ ಅವನು 'ಆಂ? ಆಂ?' ಅನ್ನೋಕೆ ಶುರು ಮಾಡಿದಾಗ ಅದರ ವಿಡಿಯೋ ಯಾರೂ ಮಾಡಲ್ಲ.

ಹಾಗಾಗಿ ಎರಡು ಕೆಲಸ ಮಾಡಿ. ಫೋನಿನಲ್ಲಿ ಡೆಸಿಬಲ್ ಆಪ್ ಹಾಕ್ಕೊಂಡು ನಿಮ್ಮ ಕಾರಿನೊಳಗೆ ಒಮ್ಮೆ ಅಳೆಯಿರಿ. ಫೋನಿನ ಲೆಕ್ಕ ಅಂದಾಜಿನದೇ, ಆದರೂ ಸಾಕು. ವಾರಕ್ಕೆ ನಲವತ್ತು ಗಂಟೆ 80 ಡೆಸಿಬಲ್ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರೋ ಮಿತಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಾವು ಎಷ್ಟು ಗಂಟೆ ಕೂತಿರ್ತೀವಿ ಅಂತ ನಿಮಗೇ ಗೊತ್ತು.

ಇನ್ನೊಂದು: ಊರಲ್ಲಿ ನಿಮ್ಮಪ್ಪನ ಹೊಲ, ಗದ್ದೆ ಹೊಡೆಯೋಕೆ ಟ್ರ್ಯಾಕ್ಟರ್ ತರೋ ಹುಡುಗ ಯಾರು ಅಂತ ಕೇಳಿ. ಈ ಸಲ ಹೋಗುವಾಗ ಅವನಿಗೊಂದು ಇಯರ್‌ಮಫ್ ತಗೊಂಡು ಹೋಗಿ. ಒಳಗೇ ಹಾಡು ಕೇಳೋ ಬ್ಲೂಟೂತ್ ಇರೋದೂ ಸಿಗುತ್ತೆ. ರಸ್ತೆಗೆ ಬೇಡ, ಗದ್ದೆಗೆ ಸರಿ. ನಿಮ್ಮ ಸಬ್‌ವೂಫರ್ ಬಿಲ್ಲಿನ ಮುಂದೆ ಅದು ದೊಡ್ಡ ದುಡ್ಡಲ್ಲ.