ರಿಪೋರ್ಟಿನಲ್ಲಿ ಇಲ್ಲದ ಸಾಲು

ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ಊರಲ್ಲಿರೋ ಅಪ್ಪ-ಅಮ್ಮನ ಆರೋಗ್ಯ ಅಂದ್ರೆ ಈಗ ವಾಟ್ಸಾಪ್‌ಗೆ ಬರೋ ಒಂದು ಪಿಡಿಎಫ್. ಕೊಲೆಸ್ಟರಾಲ್, ಶುಗರ್, ಕ್ರಿಯಾಟಿನಿನ್. ದಪ್ಪ ಅಕ್ಷರದಲ್ಲಿ ಏನೂ ಕಾಣಿಸಲಿಲ್ಲ ಅಂದ್ರೆ ನಿರಾಳ.

ನಂಗಲಿಯ ಗೆಳೆಯನೊಬ್ಬ ಮೊನ್ನೆ ಫೋನ್ ಮಾಡಿ ಕೇಳಿದ: "ಮಗಾ, ಡಿಪ್ರೆಶನ್‌ಗೆ ಬ್ಲಡ್ ಟೆಸ್ಟ್ ಇದೆಯೇನೋ?" ಅವರಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿ ಎಂಟು ತಿಂಗಳಾಗಿದೆ. ಎಕೋ ಚೆನ್ನಾಗಿದೆ, ರಿಪೋರ್ಟ್ ಚೆನ್ನಾಗಿದೆ. ಆದರೆ ಟೊಮೊಟೊ ತೋಟದ ಕಡೆ ತಲೆ ಹಾಕ್ತಿಲ್ಲ. ವಡ್ಡಹಳ್ಳಿ ಮಾರ್ಕೆಟ್‌ನಲ್ಲಿ ಬಾಕ್ಸ್ ರೇಟು ಎಷ್ಟಾಯ್ತು ಅಂತ ದಿನಾ ವಿಚಾರಿಸ್ತಿದ್ದ ಮನುಷ್ಯ ಈಗ ಅದನ್ನೂ ಕೇಳಲ್ಲ. "ಏನಾಯ್ತಪ್ಪಾ" ಅಂದ್ರೆ "ಏನಿಲ್ಲ, ಸುಸ್ತು ಅಷ್ಟೇ" ಅಂತಾರೆ.

ಇಲ್ಲ, ಅಂಥ ಬ್ಲಡ್ ಟೆಸ್ಟ್ ಇಲ್ಲ. ಆದರೆ ಯಾಕಿಲ್ಲ ಅನ್ನೋದು ತಿಳಿಯಬೇಕಾದ ವಿಷಯ.

ಹೃದಯಕ್ಕೂ ಖಿನ್ನತೆಗೂ ಇರೋ ನಂಟು ಬರೀ ಮಾತಲ್ಲ. 1993ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರೇಷರ್-ಸ್ಮಿತ್ ಮತ್ತು ಸಂಗಡಿಗರು ಹೃದಯಾಘಾತವಾಗಿದ್ದ 222 ಜನರನ್ನು ಆರು ತಿಂಗಳು ಗಮನಿಸಿದರು. ಆಸ್ಪತ್ರೆಯಲ್ಲಿದ್ದಾಗಲೇ ಖಿನ್ನತೆ ಇದ್ದವರಲ್ಲಿ ಸಾವಿನ ಅಪಾಯ ಸುಮಾರು ನಾಲ್ಕು ಪಟ್ಟು. ಹೃದಯಕ್ಕಾದ ಹಾನಿಯನ್ನು ಲೆಕ್ಕಕ್ಕೆ ತಗೊಂಡ ಮೇಲೂ ಇಷ್ಟು. ಹೃದಯಾಘಾತದಿಂದ ಉಳಿದ ಐದು ಜನರಲ್ಲಿ ಸುಮಾರು ಒಬ್ಬರಿಗೆ ತೀವ್ರ ಖಿನ್ನತೆ ಇರುತ್ತೆ ಅನ್ನೋದನ್ನ ಈಗ ವೈದ್ಯಲೋಕ ಒಪ್ಪಿದೆ.

ಹಾಗಾದರೆ ಅದರ ಗುರುತು ದೇಹದಲ್ಲಿ ಸಿಗಬೇಕಲ್ವಾ? ಸಿಗುತ್ತೆ. ಖಿನ್ನತೆ ಇರೋ ಅನೇಕರ ರಕ್ತದಲ್ಲಿ ಉರಿಯೂತ ತೋರಿಸೋ ಸಿಆರ್‌ಪಿ, ಇಂಟರ್‌ಲ್ಯೂಕಿನ್-6 ಜಾಸ್ತಿ ಇರುತ್ತೆ. ಬೆಳಗ್ಗೆ ಏರಿ ರಾತ್ರಿ ಇಳಿಯಬೇಕಾದ ಕಾರ್ಟಿಸಾಲ್‌ನ ತಾಳ ತಪ್ಪಿರುತ್ತೆ. ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳೋ ಸ್ವಭಾವ ತೋರಿಸ್ತವೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಸಮಯದಲ್ಲಿ ಇರಬೇಕಾದ ಸಣ್ಣ ಏರುಪೇರು ಕಡಿಮೆ ಆಗಿರುತ್ತೆ. ಸ್ಮಾರ್ಟ್‌ವಾಚ್‌ನಲ್ಲಿ ಎಚ್‌ಆರ್‌ವಿ ಅಂತ ತೋರಿಸೋದು ಇದನ್ನೇ. ಇವೆಲ್ಲ ಹೃದಯಕ್ಕೂ ಕೆಟ್ಟವೇ.

ತೊಂದರೆ ಇರೋದೂ ಅಲ್ಲೇ. ನಮ್ಮ ಕೆಲಸದಲ್ಲಿ ಯಾವುದಕ್ಕೆಂದರೆ ಅದಕ್ಕೆ ಹೊಡ್ಕೊಳ್ಳೋ ಅಲರ್ಟ್ ಒಂದು ಇರುತ್ತಲ್ಲ, ಸಿಆರ್‌ಪಿ ಅಂಥದ್ದು. ಹಲ್ಲಿನ ಸೋಂಕಿಗೂ ಏರುತ್ತೆ, ಬೊಜ್ಜಿಗೂ ಏರುತ್ತೆ, ಬೀಡಿ ಸೇದಿದರೂ ಏರುತ್ತೆ, ಹೃದಯದ ಕಾಯಿಲೆಯಲ್ಲೂ ಏರುತ್ತೆ. ಇನ್ನು ಸ್ಟೆಂಟ್ ಆದವರು ದಿನಾ ನುಂಗೋ ಸ್ಟ್ಯಾಟಿನ್ ಮಾತ್ರೆ ಸಿಆರ್‌ಪಿ ಇಳಿಸುತ್ತೆ, ಬೀಟಾ ಬ್ಲಾಕರ್ ಎದೆಬಡಿತದ ಲೆಕ್ಕವನ್ನೇ ಬದಲಾಯಿಸುತ್ತೆ. ಅಂದ್ರೆ ಔಷಧಿಯೇ ಗುರುತನ್ನ ಮಸುಕು ಮಾಡುತ್ತೆ. ನೂರು ಜನರ ಗುಂಪಿನಲ್ಲಿ ಕಾಣೋ ವ್ಯತ್ಯಾಸ ಒಬ್ಬ ಅಪ್ಪನ ರಿಪೋರ್ಟಿನಲ್ಲಿ ಕಾಣಲ್ಲ. ಕಾರ್ಟಿಸಾಲ್ ಸೇರಿಸಿದ 'ಸ್ಟ್ರೆಸ್ ಪ್ಯಾಕೇಜ್' ಅಂತ ಯಾರಾದರೂ ಮಾರಿದರೆ ದುಡ್ಡು ಉಳಿಸಿಕೊಳ್ಳಿ.

ಹಾಗಂತ ರಕ್ತ ಪರೀಕ್ಷೆ ಪೂರ್ತಿ ವ್ಯರ್ಥ ಅಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಕಡಿಮೆ ಇದ್ದರೂ ಇದೇ ಥರ ಸುಸ್ತು ಬರುತ್ತೆ. ಅವನ್ನ ಒಮ್ಮೆ ನೋಡಿಸಿ.

ನಿಜವಾದ ಪರೀಕ್ಷೆ ಎರಡು ಪ್ರಶ್ನೆ. 2008ರಲ್ಲೇ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೃದ್ರೋಗಿಗಳಿಗೆ ಇದನ್ನ ಕೇಳಿ ಅಂತ ಹೇಳಿತ್ತು. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ, ಖುಷಿ ಇಲ್ಲ ಅನ್ನಿಸಿದ್ದು ಎಷ್ಟು ದಿನ? ಮನಸ್ಸು ಕುಗ್ಗಿ, ಇನ್ನೇನೂ ಸರಿಹೋಗಲ್ಲ ಅನ್ನಿಸಿದ್ದು ಎಷ್ಟು ದಿನ? ಒಂದೊಂದಕ್ಕೂ 0ಯಿಂದ 3 ಅಂಕ. ಒಟ್ಟು 3 ಅಥವಾ ಜಾಸ್ತಿ ಬಂದರೆ ಡಾಕ್ಟರ್ ಹತ್ತಿರ ವಿವರವಾಗಿ ಮಾತಾಡಬೇಕು. ನಮ್ಮ ಕಡೆ "ಖಿನ್ನತೆ ಇದೆಯಾ" ಅಂದ್ರೆ ಯಾರೂ ಹೌದು ಅನ್ನಲ್ಲ. "ತೋಟಕ್ಕೆ ಹೋಗಬೇಕು ಅನ್ನಿಸ್ತದಾ ಅಪ್ಪಾ? ಎಷ್ಟು ದಿನದಿಂದ ಬೇಡ ಅನ್ನಿಸ್ತಾ ಇದೆ?" ಅಂತ ಕೇಳಿದರೆ ಬಾಯಿ ಬಿಡ್ತಾರೆ.

ಒಂದು ಮಾತು ಮುಚ್ಚಿಡಬಾರದು. ಅಮೆರಿಕದಲ್ಲಿ 2,481 ಹೃದ್ರೋಗಿಗಳ ಮೇಲೆ ನಡೆದ, 2003ರಲ್ಲಿ ಪ್ರಕಟವಾದ ಎನ್ರಿಚ್ಡ್ ಅಧ್ಯಯನದಲ್ಲಿ ಚಿಕಿತ್ಸೆಯಿಂದ ಖಿನ್ನತೆ ಇಳಿಯಿತು, ಆದರೆ ಸಾವು ಅಥವಾ ಮತ್ತೊಂದು ಹೃದಯಾಘಾತ ಕಡಿಮೆ ಆಗಲಿಲ್ಲ. ಹಾಗಾದ್ರೆ ಚಿಕಿತ್ಸೆ ಯಾಕೆ ಅಂತ ಕೇಳಿದರೆ, ಬದುಕಿರೋ ದಿನಗಳು ಬದುಕಿನ ಥರ ಇರಲಿ ಅಂತ. ನನಗೆ ಅಷ್ಟೇ ಸಾಕು. ಜೊತೆಗೆ, ಮನಸ್ಸು ಕುಗ್ಗಿದವರು ಮಾತ್ರೆ ಬಿಡೋದು ಜಾಸ್ತಿ. ರಕ್ತ ತೆಳುವಾಗಿಸೋ ಮಾತ್ರೆಯನ್ನ ತಾವಾಗೇ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಫೋನ್ ಮಾಡಿದಾಗ "ಮಾತ್ರೆ ತಗೊಂಡ್ರಾ" ಅನ್ನೋ ಬದಲು, ಊರಿಗೆ ಹೋದಾಗ ಸ್ಟ್ರಿಪ್‌ನಲ್ಲಿ ಎಷ್ಟು ಉಳಿದಿದೆ ಅಂತ ಎಣಿಸಿ ನೋಡಿ.

ಮಾತಾಡೋಕೆ ಯಾರಾದರೂ ಬೇಕು ಅಂದ್ರೆ 14416. 2022ರಲ್ಲಿ ಶುರುವಾದ ಟೆಲಿ-ಮಾನಸ್, ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುತ್ತೆ. ಉಚಿತ, ಕನ್ನಡದಲ್ಲೂ ಮಾತಾಡಬಹುದು, ತೆಲುಗಲ್ಲೂ. ನಂಗಲಿ ಮನೆಗಳಿಗೆ ಎರಡೂ ಬೇಕು. "ಬದುಕಿ ಏನ್ ಮಾಡೋದು" ಅನ್ನೋ ಥರ ಮಾತು ಬಂದರೆ ಅವತ್ತೇ ಫೋನ್ ಮಾಡಿ, ಒಬ್ಬರನ್ನೇ ಬಿಡಬೇಡಿ.

ಮಾನಸಿಕ ತಜ್ಞರ ಹತ್ತಿರ ಹೋಗುವಾಗ ಹೃದಯದ ಮಾತ್ರೆಗಳ ಚೀಟಿ ತಗೊಂಡು ಹೋಗಿ. ಖಿನ್ನತೆಗೆ ಕೊಡೋ ಹಳೇ ಕೆಲವು ಔಷಧಿ ಹೃದಯಕ್ಕೆ ಆಗಿಬರಲ್ಲ. ಸರ್ಟ್ರಲೀನ್‌ನಂಥವು ಹೃದ್ರೋಗಿಗಳಲ್ಲಿ ಪರೀಕ್ಷೆಯಾಗಿವೆ, ಆದರೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ಸೇರಿದಾಗ ರಕ್ತಸ್ರಾವದ ಅಪಾಯ ಸ್ವಲ್ಪ ಏರುತ್ತೆ. ಮೆಡಿಕಲ್ ಸ್ಟೋರ್‌ನಲ್ಲಿ "ನಿದ್ದೆಗೆ ಒಂದು ಮಾತ್ರೆ ಕೊಡಿ" ಅಂತ ಕೇಳೋ ಅಭ್ಯಾಸ ಮಾತ್ರ ಬೇಡ.