ಸಹಿಯ ಚೆಂಡು: ತೊಳೆಯಬೇಡಿ, ತಿದ್ದಬೇಡಿ

ಅಮೆರಿಕದಲ್ಲಿ ಓದಿ ಬಂದಿದ್ದ ಮಾವನವರ ಟ್ರಂಕಿನಲ್ಲಿ ಆಟಗಾರರ ಸಹಿಯಿರುವ ಹಳೇ ಬೇಸ್‌ಬಾಲ್ ಚೆಂಡು ಸಿಕ್ಕಿದೆ, ಸಾಬೂನಿನಲ್ಲಿ ತೊಳೆದು, ಮಾಸಿದ ಸಹಿಯ ಮೇಲೆ ಮಗನ ಕೈಲಿ ಪೆನ್ನಾಡಿಸಲೇ ಎಂದು ಸೋದರಿಯೊಬ್ಬರು ಕೇಳಿದ್ದಾರೆ. ಬೇಡಮ್ಮಾ, ಎರಡೂ ಬೇಡ! ನೀರು ಸೋಕಿದರೆ ಶಾಯಿ ಹರಡುತ್ತೆ. ತಿದ್ದಿದ ಸಹಿಗಿಂತ ಮಾಸಿದ ಸಹಿಗೇ ಬೆಲೆ.

ಮೊದಲು ಚೆಂಡಿನ ವಯಸ್ಸು ತಿಳಿಯಿರಿ. ಅಲ್ಲಿನ ದೊಡ್ಡ ಲೀಗುಗಳ ಹಳೆಯ ಚೆಂಡುಗಳ ಮೇಲೆ ಲೀಗಿನ ಅಧ್ಯಕ್ಷರ ಹೆಸರು ಅಚ್ಚಾಗಿರುತ್ತಿತ್ತು. ನ್ಯಾಷನಲ್ ಲೀಗಿನ ವಾರನ್ ಜೈಲ್ಸ್ ಹೆಸರಿದ್ದರೆ ಅದು 1951ರಿಂದ 1969ರ ಕಾಲದ್ದು. ಹೆಸರಾಂತ ಆಟಗಾರ ಬೇಬ್ ರೂತ್ ತೀರಿಕೊಂಡದ್ದು 1948ರಲ್ಲಿ. ಜೈಲ್ಸ್ ಹೆಸರಿನ ಚೆಂಡಿನ ಮೇಲೆ ರೂತ್ ಸಹಿ ಕಂಡರೆ ಅದು ಯಾರದೋ ಕೈಚಳಕ ಅಂತಲೇ ತಿಳಿಯಿರಿ! ಎಲ್ಲ ಸಹಿಗಳೂ ಒಂದೇ ಬಣ್ಣ, ಒಂದೇ ದಪ್ಪ ಇದ್ದರೆ ಅಚ್ಚು ಹಾಕಿದ್ದಿರಬಹುದು. ಭೂತಗನ್ನಡಿ ಹಿಡಿದು ನೋಡಿ. ಅಮೆರಿಕದ ಎಫ್‌ಬಿಐ ಹಿಡಿದ ನಕಲಿ ಚೆಂಡುಗಳಲ್ಲಿ ಮದರ್ ತೆರೇಸಾ ಸಹಿಯದೂ ಇತ್ತು ಅಂದಮೇಲೆ ಕೇಳಬೇಕೆ!

ಎಣ್ಣೆ, ವಾರ್ನಿಷ್ ಏನೂ ಬಳಿಯಬೇಡಿ. ಅಲ್ಲಿಯವರೇ ಹಿಂದೆ ಅರಗಿನ ಮೆರುಗು ಬಳಿದು, ಚೆಂಡು ಹಳದಿಗಟ್ಟಿ ಪೇಚಾಡಿದ್ದುಂಟು. ಬಿಸಿಲು ಬೀಳುವ ಷೋಕೇಸು ಬೇಡ. ಮಳೆಗಾಲದಲ್ಲಿ ತೊಗಲಿಗೆ ಬೂಷ್ಟು ಬೇಗ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯದೆ, ಒಗೆದೊಣಗಿಸಿದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಿ.

ಇನ್ನೊಂದು ಕೆಲಸ ಇವತ್ತೇ ಆಗಲಿ. ಮಾವನವರು ಯಾವ ಊರಲ್ಲಿದ್ದರು, ಚೆಂಡು ಯಾರು ಕೊಟ್ಟರು, ಯಾವ ವರ್ಷ ಎಂದು ಅತ್ತೆಯವರನ್ನು ಕೇಳಿ ಬರೆದಿಡಿ. ಆ ಕಾಲದ ಕಾಗದ, ಫೋಟೋ ಇದ್ದರೆ ಜೊತೆಗಿರಲಿ. ಕೊಳ್ಳುವವರು ಮೊದಲು ಕೇಳುವುದೇ ಅದನ್ನ.