ವಿಮಾನ ಹತ್ತಿಸಿದರೆ ನಮ್ಮ ಕೆಲಸ ಮುಗಿಯಿತೇ?

ಹುಡುಗನೊಬ್ಬನಿಗೆ ಜರ್ಮನಿಯಲ್ಲಿ ಸೀಟು ಸಿಕ್ಕಿತು ಅಂದ್ರೆ ಸಾಕು, ನಮ್ಮಲ್ಲಿ ಸನ್ಮಾನ ಶುರು. ಮಸೀದಿಯಲ್ಲಿ ದುಆ, ಹಾಲ್‌ನಲ್ಲಿ ಶಾಲು, ಸ್ಮರಣಿಕೆ, ಫೋಟೊ. ತಪ್ಪೇನಿಲ್ಲ, ಸಂತೋಷದ ವಿಷಯವೇ. ಆದರೆ ಅಲ್ಲಿ ಇಳಿದ ಮೇಲಿನ ಮೊದಲ ಆರು ವಾರ ಅವನು ಹೇಗೆ ಕಳೆದ ಎಂದು ಕೇಳುವವರು ನಮ್ಮಲ್ಲಿ ಎಷ್ಟು ಮಂದಿ?

ಕರಾವಳಿಯಿಂದ ಬಂದು ಸಿಂಧನೂರು ತಾಲೂಕಿನ ಮುಕ್ಕುಂದದಲ್ಲಿ ಮದ್ರಸ ಕಲಿಸುವ ನಮಗೆ ಈ ಪ್ರಶ್ನೆ ಕಾಡುತ್ತಿದೆ. ಇದು ತುಂಗಭದ್ರೆಯನ್ನು ನಂಬಿ ಭತ್ತ ಬೆಳೆಯುವ ಸೀಮೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿಯ ರೈತರಿಗೆ ನಿದ್ದೆ ಇರಲಿಲ್ಲ. ಇಂಥ ಒಂದು ರೈತರ ಮನೆಯ ಹುಡುಗ ಇಂಜಿನಿಯರಿಂಗ್ ಮುಗಿಸಿ, ಮುಂದೆ ಓದಲು ಕೆಮ್ನಿಟ್ಸ್ ನಗರಕ್ಕೆ ಹೋದ. ಇಳಿದದ್ದು ಶನಿವಾರ ರಾತ್ರಿ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ತೆರೆಯುವುದಿಲ್ಲ. ಅಮ್ಮಿ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿಯಲ್ಲೇ ಆ ದಿನ ಕಳೆಯಿತು. ಇಲ್ಲಿ ಉಸ್ತಾದರನ್ನು ಹಜ್ರತ್ ಅನ್ನುತ್ತಾರೆ. ‘ಎಲ್ಲ ಚಲೋ ಐತ್ರಿ ಹಜ್ರತ್’ ಎಂದು ಫೋನಿನಲ್ಲಿ ಹೇಳುತ್ತಿದ್ದ. ಚಲೋ ಇರಲಿಲ್ಲ ಎಂದು ನಮಗೆ ಗೊತ್ತಾಗಲು ತಿಂಗಳು ಹಿಡಿಯಿತು.

ಅವನ ತೊಂದರೆ ಊಟದ್ದಲ್ಲ, ಚಳಿಯದ್ದೂ ಅಲ್ಲ. ವಿಳಾಸದ್ದು. ಅಲ್ಲಿ ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ಹೆಸರು, ವಿಳಾಸ ನೋಂದಾಯಿಸಬೇಕೆಂಬುದು ಕಾನೂನು. ಅದಕ್ಕೆ ಮನೆ ಮಾಲಕರ ಸಹಿ ಇರುವ ದೃಢೀಕರಣ ಪತ್ರ ಬೇಕು. ವಿದ್ಯಾರ್ಥಿ ಹಾಸ್ಟೆಲ್‌ಗೆ ಅನೇಕ ನಗರಗಳಲ್ಲಿ ಉದ್ದದ ವೈಟಿಂಗ್ ಲಿಸ್ಟ್. ಕೆಲವು ದಿನಕ್ಕೆಂದು ಹಿಡಿದ ರೂಮಿನವರು ಬಹಳಷ್ಟು ಸಲ ಆ ಪತ್ರ ಕೊಡುವುದಿಲ್ಲ. ಪತ್ರ ಇಲ್ಲದಿದ್ದರೆ ನೋಂದಣಿ ಇಲ್ಲ. ನೋಂದಣಿ ಇಲ್ಲದಿದ್ದರೆ ಬ್ಯಾಂಕ್ ಖಾತೆ, ವಾಸದ ಪರವಾನಿಗೆ ಎಲ್ಲವೂ ತಡ.

ಖಾತೆ ತಡವಾದರೆ ಏನಾಗುತ್ತದೆ? ವೀಸಾಕ್ಕಾಗಿ ಒಂದು ವರ್ಷದ ಖರ್ಚೆಂದು 11,904 ಯೂರೊ, ಅಂದರೆ ಹತ್ತು ಲಕ್ಷ ರೂಪಾಯಿಗೂ ಹೆಚ್ಚು, ಮೊದಲೇ ತೋರಿಸಬೇಕು. ಹೆಚ್ಚಿನವರು ಅದನ್ನು ಬ್ಲಾಕ್ಡ್ ಖಾತೆಯಲ್ಲಿ ಕಟ್ಟುತ್ತಾರೆ. ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಬರುತ್ತದೆ, ಅದೂ ಅಲ್ಲಿ ಖಾತೆ ತೆರೆದ ಮೇಲೆ. ಅಪ್ಪ ಸಾಲ ಮಾಡಿ ಕಟ್ಟಿದ ಲಕ್ಷಗಟ್ಟಲೆ ಹಣ ಅವನ ಹೆಸರಿನಲ್ಲೇ ಇದೆ, ಆದರೆ ರೂಮಿನ ಡಿಪಾಸಿಟ್‌ಗೆ ಕೈಯಲ್ಲಿ ಕಾಸಿಲ್ಲ! ಡಿಪಾಸಿಟ್ ಮೂರು ತಿಂಗಳ ಬಾಡಿಗೆಯಷ್ಟೂ ಇರಬಹುದು. ಈ ಗಾಬರಿಯಲ್ಲೇ, ಕಣ್ಣಿಂದ ನೋಡದ ರೂಮಿಗೆ ಆನ್‌ಲೈನ್‌ನಲ್ಲಿ ಮುಂಗಡ ಕಳಿಸಿ ಮೋಸಹೋಗುವ ಮಕ್ಕಳಿದ್ದಾರೆ.

ಕರಾವಳಿಯ ಬ್ಯಾರಿಗಳಿಗೆ ಇದು ಅರ್ಥವಾಗಬೇಕು. ನಮ್ಮ ಹಿರಿಯರು ಗಲ್ಫ್‌ಗೆ ಹೋದಾಗ ಅಲ್ಲಿ ‘ಊರಿನವರ ರೂಮು’ ಇತ್ತು. ದಮಾಮ್‌ನಲ್ಲೋ ದುಬೈಯಲ್ಲೋ ಇಳಿದವನಿಗೆ ಒಂದು ಹಾಸಿಗೆ, ಒಂದು ತಟ್ಟೆ ಕಾದಿರುತ್ತಿತ್ತು. ‘ಕೆಲಸ ಸಿಕ್ಕಿದ ಮೇಲೆ ಮೆಸ್ಸಿನ ದುಡ್ಡು ಕೊಡು ಮಾರಾಯಾ’ ಅನ್ನುವ ಕಾಕಾಗಳಿದ್ದರು. ಆ ರೂಮು ಇಲ್ಲದೆ ಎಷ್ಟೋ ಮನೆಗಳು ತಲೆ ಎತ್ತುತ್ತಿರಲಿಲ್ಲ. ಮಕ್ಕಾದಿಂದ ಬಂದ ಮುಹಾಜಿರ್‌ಗಳನ್ನು ಮದೀನಾದ ಅನ್ಸಾರ್‌ಗಳೊಂದಿಗೆ ಒಬ್ಬೊಬ್ಬರಾಗಿ ಸಹೋದರರನ್ನಾಗಿ ಜೋಡಿಸಿದ ಚರಿತ್ರೆ ಮದ್ರಸದಲ್ಲಿ ಕಲಿಸುತ್ತೇವೆ. ಗಲ್ಫ್‌ನಲ್ಲಿ ಅದನ್ನು ಮಾಡಿಯೂ ತೋರಿಸಿದೆವು. ಜರ್ಮನಿಗೆ ಮಾತ್ರ ಮಕ್ಕಳನ್ನು ಒಂಟಿಯಾಗಿ ಬಿಟ್ಟಿದ್ದೇವೆ.

ಅಲ್ಲಿ ಮಸೀದಿಗಳಿಲ್ಲವೇ? ಇವೆ. 1961ರ ಒಪ್ಪಂದದ ನಂತರ ಕೆಲಸಕ್ಕೆ ಹೋದ ತುರ್ಕಿಯವರು ಕಟ್ಟಿದವು ಎಷ್ಟೋ ಇವೆ. ಜುಮಾಕ್ಕೆ ಹೋದರೆ ಸಲಾಂ ಸಿಗುತ್ತದೆ, ಬಾಡಿಗೆ ಪತ್ರ ಓದಿ ಹೇಳುವ ನಮ್ಮ ಭಾಷೆಯವರು ಸಿಗುವುದು ಕಷ್ಟ.

ಆದ್ದರಿಂದ ಜಮಾಅತ್‌ಗಳು, ಸಂಘಟನೆಗಳು ಮೂರು ಕೆಲಸ ಮಾಡಲಿ. ಒಂದು, ಈಗಾಗಲೇ ಜರ್ಮನಿಯಲ್ಲಿರುವ ನಮ್ಮ ಹುಡುಗ ಹುಡುಗಿಯರ ನಗರವಾರು ಪಟ್ಟಿ. ಹೊಸಬನೊಬ್ಬನಿಗೆ ಹಳಬನೊಬ್ಬ. ರೂಮು ನೋಡಿ ಬರಲು, ಕಚೇರಿಗೆ ಜೊತೆಗೆ ಹೋಗಲು ಅಷ್ಟು ಸಾಕು. ಎರಡು, ಡಿಪಾಸಿಟ್‌ಗೆಂದು ಕರ್ಝ್ ಹಸನ್ ನಿಧಿ. ವಿದೇಶದಲ್ಲಿ ಓದುವ ಅಲ್ಪಸಂಖ್ಯಾತ ಮಕ್ಕಳ ಸಾಲಕ್ಕೆ ಬಡ್ಡಿ ನೆರವು ಕೊಡುತ್ತಿದ್ದ ಕೇಂದ್ರದ ‘ಪಢೋ ಪರದೇಶ್’ ಯೋಜನೆ 2022-23ರಿಂದ ನಿಂತುಹೋಗಿದೆ. ಸನ್ಮಾನದ ಖರ್ಚನ್ನು ಇದಕ್ಕೆ ಹಾಕಿದರೆ ಶಾಲಿಗಿಂತ ಬೆಚ್ಚಗಿರುತ್ತದೆ. ಮೂರು, ಹೋಗುವ ಮೊದಲೇ ಜರ್ಮನ್ ಭಾಷೆ. ಕೋರ್ಸು ಇಂಗ್ಲಿಷಿನಲ್ಲಿದ್ದರೂ ಕಚೇರಿಯ ಪತ್ರ ಜರ್ಮನ್‌ನಲ್ಲೇ ಬರುತ್ತದೆ. ಜರ್ಮನಿಯಿಂದ 1853ರಲ್ಲಿ ಇಲ್ಲಿಗೆ ಬಂದ ಕಿಟೆಲ್ ಕನ್ನಡ ಕಲಿತು, 1894ರಲ್ಲಿ ಮಂಗಳೂರಿನಲ್ಲಿ ನಿಘಂಟನ್ನೇ ಅಚ್ಚು ಹಾಕಿಸಿದರು. ನಮ್ಮ ಮಕ್ಕಳು ಆರು ತಿಂಗಳ ಪಾಠ ಕಲಿಯಲಾರರೇ?

ಹೆತ್ತವರಿಗೂ ಒಂದು ಮಾತು. ‘ಕೆಲಸ ಸಿಕ್ಕಿತಾ, ಯಾವಾಗ ಕಳಿಸ್ತೀಯಾ?’ ಎಂದು ಮೊದಲ ತಿಂಗಳಲ್ಲೇ ಕೇಳಬೇಡಿ. ಇದು ಗಲ್ಫ್ ಅಲ್ಲ. ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ತಿ ದಿನ ಇಲ್ಲವೇ 280 ಅರ್ಧ ದಿನ ಮಾತ್ರ ದುಡಿಯುವ ಅನುಮತಿ. ಸಾಲದ ಚಿಂತೆಯಲ್ಲಿ ರಾತ್ರಿಯೆಲ್ಲ ಪಾರ್ಸೆಲ್ ಹೊತ್ತವನು ಬೆಳಗ್ಗೆ ಕ್ಲಾಸಿನಲ್ಲಿ ನಿದ್ದೆ ಮಾಡುತ್ತಾನೆ. ಅನೇಕ ಕೋರ್ಸುಗಳಲ್ಲಿ ಒಂದೇ ಪರೀಕ್ಷೆಗೆ ಮೂರನೇ ಸಲವೂ ಫೇಲಾದರೆ ಆ ಕೋರ್ಸೇ ಕೈತಪ್ಪುತ್ತದೆ.

ಅಕ್ಟೋಬರ್‌ನಲ್ಲಿ ಅಲ್ಲಿ ಚಳಿಗಾಲದ ಸೆಮಿಸ್ಟರ್ ಶುರು. ಈ ಸಲ ಹೊರಡುವವನನ್ನು ವೇದಿಕೆಗೆ ಕರೆಯುವ ಮೊದಲು ‘ಇಳಿದ ರಾತ್ರಿ ಎಲ್ಲಿ ಮಲಗ್ತೀ?’ ಎಂದು ಕೇಳೋಣ. ಉತ್ತರ ಇಲ್ಲದಿದ್ದರೆ ಅದನ್ನು ಹುಡುಕಿಕೊಡುವುದು ಜಮಾಅತ್‌ನ ಕೆಲಸ. ಶಾಲು ಆಮೇಲೆ ಹಾಕೋಣ.